ಕಲ್ಲುಹಕ್ಕಿಯಾದ ಮಾಂತ್ರಿಕ

ಬಹಳ ಕಾಲದ ಹಿಂದೆ, ಮರಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದ ಒಂದು ರಾಜ್ಯವಿತ್ತು. ಧರಣೇಂದ್ರ ಅಲ್ಲಿನ ರಾಜ, ಪದ್ಮಲದೇವಿ ರಾಣಿ. ಅರಮನೆಯ ಹಿಂದೊಂದು ಗುಡ್ಡ. ಗುಡ್ಡದ ತುಂಬ ಕಲ್ಲುಹಕ್ಕಿಗಳು. ಗುಬ್ಬಿಯಷ್ಟು ಗಾತ್ರ. ಗಂಡು ಮಿರುಗುವ ಕಪ್ಪು, ಹೆಗಲ ಮೇಲೊಂದು ಬಿಳಿ ಪಟ್ಟೆ. ಹೆಣ್ಣು ಮಣ್ಣಿನ ಬಣ್ಣ. ಎರಡರ ಬಾಲವೂ ಸದಾ ಮೇಲೆ.

ಒಂದು ದಿನ ಭೃಕುಂಡನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ರಾಣಿ ಎದ್ದು ನಿಂತು ಕೈಮುಗಿಯಲಿಲ್ಲವೆಂದು ಅವನಿಗೆ ಸಿಟ್ಟು ಬಂತು. ಬೆತ್ತ ಚಾಚಿ ಮಂತ್ರ ಹೇಳಿದ. ರಾಣಿ ಕೂತಲ್ಲೇ ಕಲ್ಲಾದಳು.

ಕಾವಲಿನವನು ಓಡಿಬಂದು ಬೆತ್ತಕ್ಕೆ ಕೈಹಾಕಿದ. ಮಾಂತ್ರಿಕ ತಟ್ಟನೆ ಕಲ್ಲುಹಕ್ಕಿಯಾಗಿ ಕಿಟಕಿಯಿಂದ ಹಾರಿ ಗುಡ್ಡ ಸೇರಿದ. ಬೆತ್ತ ಕಾವಲಿನವನ ಕೈಯಲ್ಲೇ ಉಳಿಯಿತು.

"ಗುಡ್ಡಕ್ಕೆ ಬಲೆ ಹಾಕಿ. ಒಂದು ಹಕ್ಕಿಯೂ ಉಳಿಯಬಾರದು" ಎಂದ ರಾಜ.

ಆಗ ಹೊನ್ನೂರಿ ಎಂಬುವಳು ಮುಂದೆ ಬಂದಳು. ಅವಳು ಆ ಗುಡ್ಡದಲ್ಲಿ ಕಲ್ಲು ಒಡೆಯುವವಳು.

"ಮಹಾಸ್ವಾಮಿ, ಈಗ ಗೂಡು ಗೂಡಲ್ಲೂ ಮರಿಗಳಿವೆ. ಮೇಲಾಗಿ, ಹಕ್ಕಿಗಳ ಜೊತೆ ಅವನೂ ಸತ್ತರೆ ರಾಣಿಯವರನ್ನು ಎಬ್ಬಿಸುವವರು ಯಾರು?"

ರಾಜ ಅವಳತ್ತ ತಿರುಗಿದ. "ನಿನಗೆ ಅವನನ್ನು ಗುರುತಿಸಲು ಬರುತ್ತದೆಯೇನಮ್ಮ?"

"ಆ ಹಕ್ಕಿಗಳ ನಡುವೆಯೇ ಬೆಳೆದವಳು ನಾನು. ಮೂರು ದಿನ ಕೊಡಿ."

"ಕೊಟ್ಟೆ. ನಾಲ್ಕನೆಯ ದಿನ ಬಲೆ."

ಮೊದಲ ದಿನ ಬೆಳಗಾಗುವ ಮೊದಲೇ ಹೊನ್ನೂರಿ ಗುಡ್ಡ ಹತ್ತಿದಳು. ಒಂದೊಂದು ಗಂಡಿಗೂ ತನ್ನದೇ ಬಂಡೆ. ಅದರ ತುದಿಯಲ್ಲಿ ಕೂತು ಹಾಡದೆ ಅದಕ್ಕೆ ಬೆಳಗಾಗುವುದಿಲ್ಲ. ಹಾಡು ಬಾರದವನೇ ಕಳ್ಳ ಎಂದುಕೊಂಡಳು. ಆದರೆ ಎಲ್ಲ ಬಂಡೆಗಳ ಮೇಲೂ ಹಾಡು ಕೇಳಿತು. ಎಲ್ಲವೂ ಇಂಪಾಗಿತ್ತು. ಒಂದು ಗಂಡು ಮಾತ್ರ ಬಂಡೆಯಿಲ್ಲದೆ ಗುಡ್ಡದ ಬುಡದ ಪೊದೆಯಲ್ಲಿ ಮುದುಡಿ ಕೂತಿತ್ತು. ಅದರ ತಲೆಯ ಮೇಲೆ ಕುಕ್ಕಿದ ಗಾಯ.

"ಇದರ ಮನೆಯನ್ನು ಅವನು ಕಿತ್ತುಕೊಂಡಿದ್ದಾನೆ" ಎಂದು ಅವಳಿಗೆ ತಿಳಿಯಿತು. ಯಾವ ಮನೆ ಎಂದು ತಿಳಿಯಲಿಲ್ಲ.

ಎರಡನೆಯ ದಿನ ಗೂಡುಗಳ ಎದುರು ಕೂತಳು. ಬಂಡೆಯ ಬಿರುಕಿನೊಳಗೆ ಹುಲ್ಲು, ಕೂದಲು, ಹಾವಿನ ಪೊರೆಯ ಚೂರು ಸೇರಿಸಿ ಮಾಡಿದ ಗೂಡು. ಯಾರಾದರೂ ನೋಡುತ್ತಿದ್ದರೆ ಕಲ್ಲುಹಕ್ಕಿ ನೇರ ಗೂಡಿಗೆ ಹೋಗುವುದಿಲ್ಲ. ಹುಳು ಕಚ್ಚಿಕೊಂಡು ಆ ಕಲ್ಲಿಗೆ, ಈ ಕಲ್ಲಿಗೆ ಹಾರಿ, ಏನೂ ಗೊತ್ತಿಲ್ಲದಂತೆ ನಿಂತು, ಆಮೇಲೆ ಒಳಗೆ ನುಸುಳುತ್ತದೆ. ಎಲ್ಲ ಹಕ್ಕಿಗಳೂ ಹಾಗೇ ಮಾಡಿದವು. ಮಾಂತ್ರಿಕ ಅದನ್ನೂ ನೋಡಿ ಕಲಿತಿದ್ದ.

ಸಂಜೆ ಸೈನಿಕರು ಬಲೆ ತಂದು ಗುಡ್ಡದ ಬುಡದಲ್ಲಿ ರಾಶಿ ಹಾಕಿದರು. ಹೊನ್ನೂರಿಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ಒಂದು ಬುಟ್ಟಿ ಹಿಡಿದು ಹೋದಳು. ಗೂಡಿಂದ ಗೂಡಿಗೆ ನೋಡುತ್ತ ನಡೆದಳು. ಮಧ್ಯಾಹ್ನ ಒಂದು ಗೂಡಿಗೆ ಗಂಡು ಪತಂಗ ತಂದಿತು. ಮರಿ ನುಂಗಿತು. ನುಂಗಿ, ತಿರುಗಿ, ಪುಟ್ಟ ಪೃಷ್ಠ ಎತ್ತಿ, ಬಿಳಿ ಚೀಲದಂಥ ಹಿಕ್ಕೆ ಹೊರಹಾಕಿತು. ಕಲ್ಲುಹಕ್ಕಿಗಳಲ್ಲಿ ತಾಯಿಯಾಗಲಿ ತಂದೆಯಾಗಲಿ ಅದನ್ನು ಕೊಕ್ಕಿನಲ್ಲಿ ಹಿಡಿದು ದೂರ ಹಾಕಿ ಬರುವುದು ಪದ್ಧತಿ. ವಾಸನೆ ಉಳಿದರೆ ಹಾವು ಬರುತ್ತದೆ. ಈ ಗಂಡು ಮುಖ ತಿರುಗಿಸಿತು. ಹೆಣ್ಣು ಬಂದು ಒಯ್ದಿತು. ಎರಡನೆಯ ಸಲವೂ ಗಂಡು ಮುಖ ತಿರುಗಿಸಿತು. ಮೂರನೆಯ ಸಲ ಒಂದು ಹೆಜ್ಜೆ ಹಿಂದೆ ಸರಿಯಿತು.

ಹೊನ್ನೂರಿ ಧಪ್ಪನೆ ಬುಟ್ಟಿ ಕವುಚಿದಳು.

"ಸಿಕ್ಕಿಬಿದ್ದೆಯಲ್ಲ, ಸ್ವಾಮಿ."

"ಹಾಡಿದೆ, ಹುಳು ತಂದೆ. ಎಲ್ಲಿ ತಪ್ಪಿದೆ?" ಎಂದಿತು ಬುಟ್ಟಿಯೊಳಗಿನ ಹಕ್ಕಿ.

"ಮರಿಯ ಹಿಕ್ಕೆ ಎತ್ತಲಿಲ್ಲ."

"ನಾನು ಮಹಾಮಾಂತ್ರಿಕ. ಅದನ್ನು ಬಾಯಲ್ಲಿ ಹಿಡಿಯಲೇ?"

ಹೊನ್ನೂರಿ ದಾರಿಯುದ್ದಕ್ಕೂ ನಕ್ಕಳು.

ಆಸ್ಥಾನದಲ್ಲಿ ಮಾಂತ್ರಿಕ ಹೇಳಿದ: "ಬೆತ್ತ ಕೊಡಿ. ಮನುಷ್ಯನಾಗಿ ರಾಣಿಯನ್ನು ಎಬ್ಬಿಸುತ್ತೇನೆ."

"ಬೇಡ. ಬೆತ್ತ ನಾನು ಮುಟ್ಟಿಸುತ್ತೇನೆ, ಮಂತ್ರ ನೀನು ಹೇಳು. ಇಲ್ಲದಿದ್ದರೆ ಬುಟ್ಟಿ ಮುಚ್ಚೇ ಇರುತ್ತದೆ" ಎಂದಳು ಹೊನ್ನೂರಿ.

ಅವನು ಮಂತ್ರ ಹೇಳಿದ. ಮೊದಲು ರಾಣಿಯ ಬೆರಳು ಅಲುಗಿದವು, ಆಮೇಲೆ ಕೆನ್ನೆಗೆ ಬಣ್ಣ ಬಂತು. ಪದ್ಮಲದೇವಿ ಆಕಳಿಸಿ, "ಕಾಲು ಜೋಮು ಹಿಡಿದಿದೆ" ಎಂದಳು. ರಾಜ ಮಗುವಿನಂತೆ ಅತ್ತ.

ನಡೆದದ್ದೆಲ್ಲ ಕೇಳಿ ರಾಣಿ ಬೆತ್ತವನ್ನು ಮುರಿದು ಒಲೆಗೆ ಹಾಕಿಸಿದಳು. ಬುಟ್ಟಿ ತೆರೆದು, "ಹೋಗಪ್ಪ, ಹಕ್ಕಿಯಾಗಿಯೇ ಬಾಳು. ಇನ್ನೊಬ್ಬರ ಬಂಡೆ ಮುಟ್ಟಬೇಡ" ಎಂದಳು. ಮಾಂತ್ರಿಕ ದೂರದ ಒಂದು ಬೋಳು ಬಂಡೆಗೆ ಹಾರಿಹೋದ. ಮತ್ತೆ ಯಾರನ್ನೂ ಕಲ್ಲಾಗಿಸಲಿಲ್ಲ.

ರಾಜ ಹೊನ್ನೂರಿಯನ್ನು ಗುಡ್ಡದ ಒಡತಿಯನ್ನಾಗಿ ಮಾಡಿದ. ಮರಿ ಮಾಡುವ ತಿಂಗಳುಗಳಲ್ಲಿ ಅಲ್ಲಿ ಯಾರೂ ಕಲ್ಲು ಒಡೆಯಬಾರದೆಂದು ಅವಳು ಕಟ್ಟು ಮಾಡಿದಳು. ಗಾಯದ ಗಂಡು ತನ್ನ ಮನೆಗೆ ಮರಳಿತು. ವಾರ ಕಳೆಯುವುದರೊಳಗೆ ಅದರ ಮೂರು ಮರಿಗಳು, ಹಾರಲು ಬಾರದಿದ್ದರೂ ತಡೆಯಲಾರದೆ ಗೂಡು ಬಿಟ್ಟು ಹೊರಬಿದ್ದವು. ಅವು ಕಲ್ಲಿಂದ ಕಲ್ಲಿಗೆ ಕುಪ್ಪಳಿಸಿ ಬೀಳುವುದನ್ನೂ ಏಳುವುದನ್ನೂ ರಾಜ, ರಾಣಿ, ಹೊನ್ನೂರಿ ಒಂದೇ ಬಂಡೆಯ ಮೇಲೆ ಕೂತು ಹೊತ್ತು ಏರುವವರೆಗೂ ನೋಡಿದರು. ಆ ನಾಡಿನವರು ಸುಖವಾಗಿದ್ದರು.