ದನಿಯ ಹಿಂದಿನ ದನಿ

“ಬರಕೊಂಡಿದ್ದು ಇನ್ನೊಮ್ಮೆ ಓದ್ರಿ, ಸಿಸ್ಟರ್.”

ಸುಮೇಧಾ ತಲೆ ಎತ್ತಿದಳು. ಹುಮನಾಬಾದಿನ ಈ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ನರ್ಸ್ ಆಗಿದ್ದಾಳೆ, ಡಾಕ್ಟರು ಕೂಡ ಅವಳಿಗೆ ಹೀಗೆ ಹೇಳಿದ್ದಿಲ್ಲ. ಬಸವಕಲ್ಯಾಣದಿಂದ ಆಂಬುಲೆನ್ಸಿನಲ್ಲಿ ರೋಗಿಯನ್ನು ತಂದ ಈ ಮೇಲ್ ನರ್ಸ್ ಯಾವ ಊರ ದೊರೆ?

“ಯಾಕ್ರಿ? ನನ್ನ ಕಿವಿ ಕೆಟ್ಟಾವಂತ ತಿಳಕೊಂಡ್ರೇನು?”

“ಕೆಟ್ಟಿಲ್ಲ. ಒಂದು ಕಿವ್ಯಾಗ ಇಯರ್‌ಫೋನ್ ಅದ, ಅದಕ್ಕ ಕೇಳ್ದೆ.”

ಓದಿದಳು. ಅವನು ಹೇಳಿದ ಬಿಪಿ ಒಂದು, ಅವಳು ಬರೆದದ್ದು ಇನ್ನೊಂದು. ಮುಖಕ್ಕೆ ರಕ್ತ ನುಗ್ಗಿತು. ಅವನು ನಗಲಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು.

“ಏನ್ ಕೇಳಾಕತ್ತಿದ್ರಿ?”

“ಇಂಗ್ಲಿಷ್. ಐರ್ಲೆಂಡಿನ ದವಾಖಾನಿಯವ್ರು ಕೆಲಸ ಕೊಡ್ತೀವಿ ಅಂದಾರ. ಪರೀಕ್ಷಾ ಪಾಸಾಗ್ಬೇಕು. ಕೇಳಿ ಬರಿಯೋದ್ರಾಗ ನಾ ಬೀಳ್ತೀನಿ ಅಂತ ಅಂಜಿಕಿ.”

ಅವನು ನೆಲ ನೋಡುತ್ತ ಹೇಳಿದ. “ನಾ ಅದು ಪಾಸಾಗೇನಿ. ಬೇಕಂದ್ರ ದಿನಾ ಡಿಕ್ಟೇಷನ್ ಕಳಸ್ತೀನಿ. ನನ್ನ ಹೆಸರು ಸಂಘಪಾಲ.”

ಪಾಸಾದವನು ಬಸವಕಲ್ಯಾಣದಲ್ಲಿ ಆಂಬುಲೆನ್ಸ್ ಹಿಂದೆ ಯಾಕೆ ತಿರುಗುತ್ತಾನೆ? ಸಂಶಯ ಅಲ್ಲೇ ಹುಟ್ಟಿತು. ಆದರೂ ನಂಬರು ಕೊಟ್ಟಳು. ಯಾಕೆ ಕೊಟ್ಟಳು ಎಂದರೆ, ಹುಡುಗ ನೋಡಲು ಚೆನ್ನಾಗಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಪ್ಪೇನು?

ಮರುದಿನ ಬೆಳಿಗ್ಗೆ ಆರೂವರೆಗೆ ಮೊದಲ ಆಡಿಯೋ ಬಂತು. ಒಂದೊಂದು ಪ್ಯಾರಾ ಮೂರು ಸಲ. ಮೊದಲನೆಯ ಸಲ ಪೆನ್ನು ಕೆಳಗಿಟ್ಟು ಬರೀ ಕೇಳಬೇಕು. ಎರಡನೆಯ ಸಲ ಅವನು ನಿಲ್ಲಿಸಿ ನಿಲ್ಲಿಸಿ ಓದುತ್ತಾನೆ, ಆಗ ಬರೆಯಬೇಕು. ಮೂರನೆಯದು ತಾಳೆ ನೋಡುವುದಕ್ಕೆ. ಬರೆದ ಹಾಳೆಯ ಫೋಟೋ ಅವಳು ಕಳಿಸಬೇಕು, ತಪ್ಪಿದ ಕಡೆ ಕೆಂಪು ಸುತ್ತು ಹಾಕಿ ಅವನು ತಿರುಗಿ ಕಳಿಸುತ್ತಾನೆ.

ಎರಡು ತಿಂಗಳಲ್ಲಿ ಕೆಂಪು ಸುತ್ತುಗಳು ಇಪ್ಪತ್ತರಿಂದ ಮೂರಕ್ಕೆ ಇಳಿದವು. ಅವಳ ಎದೆಯೊಳಗೆ ಮಾತ್ರ ಬೇರೆಯದೇ ಲೆಕ್ಕ ಏರುತ್ತಿತ್ತು. ಕಷ್ಟದ ಪದ ಬರುವ ಮುಂಚೆ ಅವನು ಎಳೆದುಕೊಳ್ಳುವ ಉಸಿರು ಅವಳಿಗೆ ಗೊತ್ತು. ನಗು ತಡೆದಾಗ ದನಿ ಹೇಗೆ ಒಡೆಯುತ್ತದೆ, ಅದೂ ಗೊತ್ತು. ಪರೀಕ್ಷೆಗೆಂದು ಹದ ಮಾಡಿದ ಕಿವಿ ಆ ಹುಡುಗನಿಗೆ ಅಂಟಿಕೊಂಡುಬಿಟ್ಟಿತ್ತು...

ಅದೇ ಕಿವಿಗೆ ಒಂದು ದಿನ ರೈಲಿನ ಕೂಗು ಕೇಳಿತು.

ಸುಮೇಧಾ ಆಡಿಯೋ ನಿಲ್ಲಿಸಿದಳು. ಬಸವಕಲ್ಯಾಣದಲ್ಲಿ ರೈಲೆಲ್ಲಿದೆ? ರೈಲು ಇರುವುದು ಹುಮನಾಬಾದಿಗೆ. ತಕ್ಷಣ ಫೋನ್ ಹಚ್ಚಿದಳು.

“ಇವತ್ತಿನ ಆಡಿಯೋ ಎಲ್ಲಿಂದ ಕಳಸಿದ್ರಿ?”

“ಕಲ್ಯಾಣದಿಂದ. ಇನ್ನೆಲ್ಲಿಂದ ಕಳಸ್ತೀನ್ರಿ?”

ಸುಳ್ಳು. ಎಷ್ಟು ಸಲೀಸಾಗಿ ಬಂತು.

ಅವತ್ತಿನಿಂದ ಅವಳು ನಾಲ್ಕನೆಯ ಸಲವೂ ಕೇಳತೊಡಗಿದಳು, ಅವನ ದನಿ ಬಿಟ್ಟು ಅದರ ಹಿಂದಿನದನ್ನು. ನರ್ಸ್ ಅಲ್ಲವೇ, ಜ್ವರದ ಚಾರ್ಟಿನ ಹಾಗೆ ಗೆರೆ ಎಳೆದು ತಾರೀಕು, ಗಂಟೆ, ಸದ್ದು ಎಂದು ಬರೆದಳು. ಹತ್ತನೇ ತಾರೀಕು: ಮೇಕೆ. ಹನ್ನೆರಡು: ಬೋರಿಂಗ್ ಕೈಪಂಪಿನ ಹ್ಯಾಂಡಲ್. ಹದಿನಾಲ್ಕು: ಬಳೆ. ಹದಿನೈದು: ಹೆಂಗಸಿನ ಪಿಸುಮಾತು, ಅವನು ಓದುವುದಕ್ಕಿಂತ ಅರೆಕ್ಷಣ ಮೊದಲು.

ಜೊತೆಯ ನರ್ಸ್ ಮೀನಾಜ್ ಆ ಹಾಳೆ ಎಳೆದುಕೊಂಡು ಓದಿದಳು. “ಇದ್ಯಾವ ಪೇಷಂಟಿಂದೇ?”

“ನಂದೇ.”

“ಹಂಗಾದ್ರ ಬ್ಯಾಮಾರಿ ಜೋರದ. ಲಗ್ನ ಆಗ್ಯದೇನವಂದು?”

“ನನಗೇನ್ ಗೊತ್ತು?”

“ಕೇಳಬೇಕಿಲ್ಲ ಹುಚ್ಚಿ?”

“ಕೇಳಿದ್ರ ಖರೇ ಹೇಳ್ತಾನಂತ ಏನ್ ಗ್ಯಾರಂಟಿ?”

ಇದು ಪ್ರೇಮದ ಮಾತಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ತಪ್ಪಿದರೆ ಐರ್ಲೆಂಡಿನವರು ಕಾಯುವುದಿಲ್ಲ. ಊರಿನ ಬಗ್ಗೆ ಸುಳ್ಳು ಹೇಳಿದವನು ಪಾಸಾದ ಬಗ್ಗೆ ನಿಜ ಹೇಳಿರುತ್ತಾನೆಯೇ?

ಮರುದಿನ ಆರು ಗಂಟೆಗೇ ಸ್ಟೇಷನ್ ಕಡೆಯ ಓಣಿಗಳಲ್ಲಿ ಹುಡುಕಿ ನಡೆದಳು. ಮೂರನೆಯ ಓಣಿಯಲ್ಲಿ ಬೋರಿಂಗ್ ಇತ್ತು. ಅದರ ಎದುರಿನ ಮನೆ ಮುಂದೆ ಮೇಕೆ, ಮೇಕೆಯ ಪಕ್ಕ ಬಸವಕಲ್ಯಾಣದ ಆಸ್ಪತ್ರೆಯ ಸ್ಟಿಕರ್ ಅಂಟಿಸಿದ ಬೈಕು. ಕಿಟಕಿಯಿಂದ ಹೆಂಗಸಿನ ದನಿ ಬಂತು.

“ಹಂಗಲ್ಲ. ಮತ್ತ ಅನ್ನು.”

ಬಾಗಿಲ ಪರದೆ ಸರಿಸಿ ಒಳಗೇ ನುಗ್ಗಿದಳು.

ಮಂಚದ ಮೇಲೆ ಎಪ್ಪತ್ತು ದಾಟಿದ ಮುದುಕಿ, ಮೂಗಿನ ತುದಿಗೆ ಕನ್ನಡಕ. ಕೆಳಗೆ ಚಾಪೆಯ ಮೇಲೆ ಸಂಘಪಾಲ, ಒಂದನೇ ತರಗತಿಯ ಹುಡುಗನ ಹಾಗೆ ಕಾಲು ಮಡಚಿ ಕೂತು ಬಾಯಿ ತೆರೆದಿದ್ದ. ಬಾಯಿ ತೆರೆದೇ ಉಳಿಯಿತು.

“ಯಾರೇ ನೀ?” ಮುದುಕಿ ಕೇಳಿದಳು. ಅವನ ಮುಖ ನೋಡಿದಳು. “ಓಹೋ... ಇಕೀನೇ ಏನು? ಬಾ ಬೇಟಿ, ಕೂಡು. ನಾ ವಜೀರಬಿ. ಮೂವತ್ತು ವರ್ಷ ಸಾಲ್ಯಾಗ ಇಂಗ್ಲಿಷ್ ಹೇಳೀನಿ. ಈ ಝೂಟಾಗ, ಸುಳ್ಳಗಾರಗ, ಎರಡು ತಿಂಗಳಿಂದ ಹೇಳಾಕತ್ತೀನಿ, ಹುಡುಗಿಗಿ ಖರೇ ಹೇಳಪಾ ಅಂತ.”

“ಏನ್ ಖರೇ?”

ಸಂಘಪಾಲ ಎದ್ದು ನಿಂತ. “ನಾ ಪಾಸಾಗಿಲ್ಲ. ಎರಡು ಸಲ ಬರದೆ. ಎರಡೂ ಸಲ ಕೇಳೋ ಪೇಪರಿನ್ಯಾಗ ಬಿದ್ದೆ.”

“ಬಿದ್ದಾಂವ ನನಗ ಕಲಸಾಕ ಬಂದಿದ್ದೀಯೇನು?” ‘ರಿ’ ಹಚ್ಚುವ ಮರ್ಯಾದೆ ಅವಳ ಮಾತಿನಿಂದ ತಾನಾಗಿ ಉದುರಿಹೋಗಿತ್ತು. “ಎರಡು ತಿಂಗಳು ನನ್ನ ಕಿವಿ ನಿನ್ನ ಕೈಯಾಗ ಕೊಟ್ಟಿದ್ದೆ.”

“ನನ್ನ ತಪ್ಪು ಉಚ್ಚಾರ ನಿಮ್ಮ ಕಿವಿಗಿ ಬೀಳಬಾರ್ದಂತ... ದಿನಾ ಇಲ್ಲಿಗಿ ಬಂದು, ಇವರ ಮುಂದ ತಿದ್ದಿಕೊಂಡು, ಆಮ್ಯಾಲ ಕಳಸ್ತಿದ್ದೆ.”

ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ನಂಬರು ಬ್ಲಾಕ್ ಮಾಡಿದಳು. ಮೂರು ದಿನ ಉರಿದಳು. ನಾಲ್ಕನೆಯ ದಿನ, ತಾನೆಷ್ಟು ಹಾಳಾಗಿದ್ದೇನೆ ನೋಡೋಣ ಎಂದು ಮಾದರಿ ಪರೀಕ್ಷೆಯ ಆಡಿಯೋ ಹಚ್ಚಿ ಕೂತಳು.

ಯಾರೋ ಇಂಗ್ಲಿಷಿನವನು ಫೋನಿನಲ್ಲಿ ಮಂಗಳವಾರ ಎಂದು ಹೇಳಿ, ತಡೆದು, ಅಲ್ಲ ಗುರುವಾರ ಎಂದ. ಅವಳ ಪೆನ್ನು ಅಷ್ಟರಲ್ಲೇ ಮಂಗಳವಾರ ಹೊಡೆದುಹಾಕಿತ್ತು. ಮುಂದೆ ಮನೆ ನಂಬರು, ಔಷಧಿಯ ಡೋಸು, ಅವಸರದಲ್ಲಿ ಬಿಡಿಸಿ ಹೇಳಿದ ಅಡ್ಡಹೆಸರು. ಎಲ್ಲವೂ ಗುರುತಿನ ಗುಂಡಿಗಳು. ಇವನ್ನು ಸಂಘಪಾಲ ದಿನಾ ಇಷ್ಟಿಷ್ಟೇ ಇಟ್ಟು ಅವಳನ್ನು ದಾಟಿಸಿದ್ದ.

ಉತ್ತರ ತಾಳೆ ನೋಡಿದಳು. ನಲವತ್ತೆರಡಕ್ಕೆ ಮೂವತ್ತೊಂಬತ್ತು.

ಆಗ ತಿಳಿಯಿತು. ಅವನು ತಾನು ಬಿದ್ದ ಜಾಗಗಳನ್ನೇ ಒಂದೊಂದಾಗಿ ಹೆಕ್ಕಿ ಪ್ಯಾರಾ ಕಟ್ಟಿದ್ದ. ಅವಳು ಪಾಸಾದರೆ ಕೈತಪ್ಪಿ ಹೋಗುತ್ತಾಳೆ, ಅದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಸುಕಿನಲ್ಲಿ ಬೈಕು ಒದ್ದು ಅಷ್ಟು ದೂರ ಬರುತ್ತಿದ್ದ.

ಆದರೂ ಸುಳ್ಳು ಸುಳ್ಳೇ. ಬ್ಲಾಕ್ ತೆಗೆಯಲಿಲ್ಲ. ವಜೀರಬಿಯ ಮನೆಗೆ ತಾನೇ ಹೋಗಿ ಉಳಿದ ದಿನಗಳ ಡಿಕ್ಟೇಷನ್ ಬರೆದಳು. ಹೈದರಾಬಾದಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದಳು.

ಫಲಿತಾಂಶ ಬಂದ ದಿನ ಮೊದಲ ಬಸ್ಸಿಗೆ ಬಸವಕಲ್ಯಾಣದಲ್ಲಿ ಇಳಿದಳು. ಸಂಘಪಾಲ ಆಸ್ಪತ್ರೆಯ ಗೇಟಿನಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ. ಅವಳನ್ನು ಕಂಡು ಅಲ್ಲೇ ನಿಂತ.

“ಪಾಸ್ ಏನ್ರಿ?”

“ಪಾಸ್.”

ಮುಖ ಅರಳಿತು. ಆಮೇಲೆ ಮೆಲ್ಲಗೆ ಬಾಡಿತು. “ಯಾವಾಗ ಹೋಗೋದು?”

“ಮೂರು ತಿಂಗಳಾಗ. ಅದಿರ್ಲಿ, ಸುಳ್ಳು ಯಾಕ ಹೇಳಿದ್ರಿ?”

“ಫೇಲಾದಾಂವನ ಆಡಿಯೋ ಯಾರು ಕೇಳ್ತಿದ್ರಿ? ಅವತ್ತು ನೀವು ಅಂಜಿಕಿ ಅಂದ್ರಿ, ನಿಮ್ಮ ಮಾರಿ ನೋಡಿದೆ... ಬಾಯಿಂದ ಬಂದುಬಿಡ್ತು. ಆಮ್ಯಾಲ ಖರೇ ಹೇಳಿದ್ರ ನೀವು ಹೋಗಿಬಿಡ್ತೀರಿ ಅಂತ ಅಂಜಿದೆ. ನಿಮ್ಮ ಮ್ಯಾಲ ಜೀವ ಇಟ್ಟೀನ್ರಿ. ಇದೊಂದು ಸುಳ್ಳಲ್ಲ.”

ಸುಮೇಧಾ ಅವನ ಮುಖ ನೋಡಿದಳು. ಸ್ಟ್ರೆಚರಿನ ಮೇಲಿನ ಅಜ್ಜ ಇಬ್ಬರನ್ನೂ ನೋಡಿದ.

“ಮೂರನೇ ಸಲ ಪರೀಕ್ಷಾ ಕಟ್ರಿ,” ಅಂದಳು.

“ಮತ್ತ ಬಿದ್ರ?”

“ನಾಲ್ಕನೇ ಸಲ ಕಟ್ರಿ. ನಾ ಅಲ್ಲೀ ಮಂದಿ ಮಾತಾಡೋದು ಕೇಳಿ ದಿನಾ ಆಡಿಯೋ ಕಳಸ್ತೀನಿ. ನೀವು ಬರೋತನ ಕಾಯ್ತೀನಿ.”

ಅವನ ಕಣ್ಣು ತುಂಬಿತು. “ಅಂದ್ರ... ನನ್ನ ಮ್ಯಾಲಿನ ಸಂಶಯ ಹೋಯ್ತಾ?”

“ಪೂರಾ ಹೋಗಿಲ್ಲ.”

“ಇನ್ನೆಷ್ಟು ದಿನ ಹಿಡಿತದ?”

ಅವಳು ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ತಿರುಗಿದಳು.

“ಐತವಾರ ನಿಮ್ಮ ಅವ್ವನ್ನ ಕರಕೊಂಡು ನಮ್ಮ ಮನಿಗಿ ಬರ್ರಿ. ಉಳದಿದ್ದು ಲಗ್ನ ಆದಮ್ಯಾಲ ನೋಡ್ಕೋತ ಹೋಗ್ತೀನಿ.”