ಖಾಲಿ ಬಿಟ್ಟ ಎರಡು ಕಾಲಂ

"ಇದು ಹನ್ನೊಂದನೇ ಅರ್ಜಿ ರೀ. ಇದನ್ನೂ ಒಯ್ದು ಕಪಾಟಿನಾಗ ಇಡ್ರಿ."

ಮರಿಯಮ್ ಕಾಗದವನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಗುಂಡುಪಿನ್ನಿನ ಡಬ್ಬಿ ಉರುಳಿ ಬಿತ್ತು. ಆಚೆ ಕುಳಿತಿದ್ದ ಗುಮಾಸ್ತ ಬಗ್ಗಿ ಒಂದೊಂದೇ ಪಿನ್ನು ಆರಿಸತೊಡಗಿದ. ಕಮಲಾಪುರದ ಪಟ್ಟಣ ಪಂಚಾಯಿತಿ ಕಚೇರಿಗೆ ಅವನು ಹೊಸಬ. ದಿನಾ ಕಲಬುರಗಿಯಿಂದ ಬಂದುಹೋಗುತ್ತಾನೆ, ಹೆಸರು ತನ್ವೀರ್ ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಮೊದಲಿನ ಹತ್ತೂ ಓದೀನಿ," ಎಂದ ಅವನು, ತಲೆ ಎತ್ತದೆ.

"ಓದಿ?"

"ಮುಂಜಾನಿ ಏಳೂವರಿ ಬಸ್ಸಿಗೆ ಕಲಬುರಗಿಗೆ ದುಡಿಯಾಕ ಹೋಗೋ ಹೆಣ್ಮಕ್ಕಳು ಮನಿಯಾಗ ಒಂದು ಗುಟುಕು ನೀರು ಕುಡಿಯಂಗಿಲ್ಲ. ಸಂತಿ ಮೈದಾನದ ಶೌಚಾಲಯಕ್ಕ ಗುತ್ತಿಗೆದಾರ ಕೀಲಿ ಹಾಕಿ ಮೂರು ವರ್ಷ ಆತು. ಕಾವೇರಿ ಅನ್ನೋರಿಗೆ ಮೂತ್ರಪಿಂಡದಾಗ ಹರಳಾಗಿ ಆಪರೇಷನ್ ಆಗ್ಯಾದ. ಆರನೇ ಅರ್ಜಿಯೊಳಗ ಬರ್ದೀರಿ."

ಮರಿಯಮ್ ಉರುಳಿದ ಡಬ್ಬಿ ಎತ್ತಿ ನೆಟ್ಟಗೆ ಇಟ್ಟಳು. ಮೂರು ವರ್ಷದಲ್ಲಿ ಯಾರೂ ಅವಳ ಕಾಗದದ ಮೊದಲ ಸಾಲು ದಾಟಿರಲಿಲ್ಲ.

"ಅರ್ಜಿ ಬರಿಯೋದು ಬಿಡ್ರಿ," ಎಂದ ಅವನು ಈಗ ಅವಳನ್ನು ನೇರವಾಗಿ ನೋಡಿ. "ಈ ಸಲದ ಚುನಾವಣಿಗೆ ನಿಮ್ಮ ವಾರ್ಡು ಹೆಣ್ಮಕ್ಕಳಿಗೆ ಮೀಸಲಾಗ್ಯಾದ. ನೀವೇ ಯಾಕ ನಿಲ್ಲಬಾರದು?"

"ಚೇಷ್ಟಾ ಮಾಡಾಕತ್ತೀರೇನು?"

"ಖರೇನೇ ಕೇಳಾಕತ್ತೀನಿ."

ಅವನು ಮುಂದೆ ಸರಿಸಿದ ಸ್ವೀಕೃತಿ ಚೀಟಿ ಎತ್ತಿಕೊಂಡು ಅವಳು ಹೊರಗೆ ಬಂದಳು. ಎದೆ ಯಾಕೋ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಸಿಟ್ಟಿಗೋ, ಆ ಮಾತಿಗೋ... ಅವಳಿಗೇ ತಿಳಿಯಲಿಲ್ಲ.

ಮರಿಯಮ್‌ಗೆ ಇಪ್ಪತ್ತೇಳು ವರ್ಷ. ಕಲಬುರಗಿಯ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಮರುದಿನ ಅವಳು ಗಿರಾಕಿ ಕೇಳಿದ ಹಸಿರು ಥಾನಿನ ಬದಲು ನೀಲಿಯದನ್ನು ಹರಡಿದಳು. ಮತ್ತೆ ಮಡಚಿ, ಮತ್ತೆ ನೀಲಿಯದನ್ನೇ ಹರಡಿದಳು.

'ನಾನು? ಮತ ಕೇಳೋದು? ಮಂದಿ ನಗಂಗಿಲ್ಲೇನು?'

ಮೂರು ದಿನ ಹಾಗೇ ಕಳೆಯಿತು. ನಾಲ್ಕನೆಯ ದಿನ, ಊರಿಗೆ ಮರಳುವ ಬಸ್ಸಿನಲ್ಲಿ, ಅವಳು ಸ್ವೀಕೃತಿ ಚೀಟಿಯ ಮೂಲೆಯಲ್ಲಿ ತನ್ವೀರ್ ಬರೆದುಕೊಟ್ಟಿದ್ದ ಫೋನ್ ನಂಬರಿಗೆ ಕರೆ ಮಾಡಿದಳು.

"ನಿಲ್ಲಬೇಕಾದ್ರ ಮೊದಲು ಏನು ಮಾಡಬೇಕು ರೀ?"

ಅತ್ತ ಕಡೆಯಿಂದ ನಗು ತುಂಬಿದ ದನಿ ಕೇಳಿಸಿತು. "ಮೊದಲು ಮತದಾರರ ಪಟ್ಟಿಯೊಳಗ ನಿಮ್ಮ ಹೆಸರು ಅದ ಇಲ್ಲ ನೋಡ್ರಿ. ಭಾಳ ಮಂದಿ ಅದನ್ನೇ ನೋಡಂಗಿಲ್ಲ."

ಅಲ್ಲಿಂದ ಅದೊಂದು ರೂಢಿಯೇ ಆಯಿತು. ಸಂಜೆ ಅವಳ ಬಸ್ಸು ಕಮಲಾಪುರದ ಕಡೆ, ಅವನ ಬಸ್ಸು ಕಲಬುರಗಿಯ ಕಡೆ. ಒಂದೇ ರಸ್ತೆಯ ಮೇಲೆ ಎದುರುಬದುರಾಗಿ ಓಡುವ ಎರಡು ಬಸ್ಸುಗಳ ನಡುವೆ ಮಾತು ನಡೆಯುತ್ತಿತ್ತು. ಹೆಸರು ಸೂಚಿಸಿ ಸಹಿ ಹಾಕುವವರು ಅದೇ ವಾರ್ಡಿನವರಾಗಿರಬೇಕು. ಪಕ್ಷ ಬೇಕೇಬೇಕೆಂದಿಲ್ಲ. ಪ್ರಮಾಣಪತ್ರಕ್ಕೆ ನೋಟರಿಯ ಮೊಹರು ಬೇಕು. ಅವನು ಕೈಪಿಡಿ ಓದಿ ಓದಿ ಹೇಳುತ್ತಿದ್ದ, ಅವಳು ಬಿಲ್ ಪುಸ್ತಕದ ಹಿಂದೆ ಗೀಚಿಕೊಳ್ಳುತ್ತಿದ್ದಳು. ಕಾನೂನು ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ.

ಒಂದು ಭಾನುವಾರ ಅವನು ಅಂಗಡಿಗೇ ಬಂದ. ತಂಗಿಗೆ ದುಪಟ್ಟಾ ಬೇಕೆಂದ. ಮೂವತ್ತು ದುಪಟ್ಟಾ ತೆಗೆಸಿ, ಕೊನೆಗೆ ಮೊದಲು ತೋರಿಸಿದ್ದನ್ನೇ ಹಿಡಿದುಕೊಂಡ.

"ಇದನ್ನ ಆವಾಗ್ಲೇ ತಗೋಬಹುದಿತ್ತಲ್ಲ," ಎಂದಳು ಮರಿಯಮ್.

"ಆವಾಗ್ಲೇ ತಗೊಂಡಿದ್ರ ಆವಾಗ್ಲೇ ಹೋಗಬೇಕಾಗ್ತಿತ್ತು."

ಅವಳು ಬಗ್ಗಿ, ಮಡಚಿದ್ದ ದುಪಟ್ಟಾಗಳನ್ನೇ ಮತ್ತೊಮ್ಮೆ ಮಡಚಿದಳು.

ಮನೆಯಲ್ಲಿ ಮಾತು ಎತ್ತಿದಾಗ ಅಬ್ಬಾ ಕರೀಂಸಾಬ್ ಅಂಜಿದರು. ಬಸ್ ನಿಲ್ದಾಣದ ಬಳಿ ಬಂಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಮನುಷ್ಯ. "ನಮ್ಮಂಥವರಿಗ್ಯಾಕ ಬೇಟಿ ಇದೆಲ್ಲ? ನಾಳಿ ಬಂಡಿ ಹಚ್ಚಾಕ ಜಾಗಾ ಕೊಡಲಿಕ್ಕಿಲ್ಲ."

ಅಮ್ಮಿ ಗುಲ್ಶನ್ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡರು. "ಸಹಿ ಎಲ್ಲಿ ಹಾಕಬೇಕು ಹೇಳು. ಮೊದಲನೇದು ನಂದೇ ಇರಲಿ."

ಪ್ರಮಾಣಪತ್ರ ತುಂಬುವ ಸಂಜೆ ಮರಿಯಮ್ ಫೋನಿನಲ್ಲಿ ಕೇಳಿದಳು. "ಇಲ್ಲಿ ಪೊಲೀಸ್ ಕೇಸಿನ ಕಾಲಂ ಅದ. ಅದರ ಕೆಳಗ ಗಂಡನ ವಿವರ ಕೇಳ್ಯಾರ. ಎರಡೂ ಇಲ್ಲ. ಏನು ಬರೀಲಿ?"

"ಇಲ್ಲದ್ದಕ್ಕ ಏನು ಬರೀತೀರಿ? ಖಾಲಿ ಬಿಡ್ರಿ." ಒಂದು ಕ್ಷಣ ತಡೆದು ಅವನು ಸೇರಿಸಿದ, "ಗಂಡನ ಕಾಲಂ... ಸದ್ಯಕ್ಕ ಖಾಲಿ ಇರಲಿ."

ಸದ್ಯಕ್ಕ! ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕುಳಿತ ಮರಿಯಮ್‌ಗೆ ಇಳಿಯುವ ನಿಲ್ದಾಣ ದಾಟಿದ್ದೇ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಚುನಾವಣೆಯ ದಿನಾಂಕ ಪ್ರಕಟವಾಯಿತು. ಅವತ್ತು ಸಂಜೆ ಅವಳು ಖುಷಿಯಿಂದ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಮರುದಿನವೂ ಎತ್ತಲಿಲ್ಲ. ಅದರ ಮರುದಿನವೂ ಇಲ್ಲ. ಮೆಸೇಜು ಕಳಿಸಿದರೆ ಓದಿದ ಗುರುತು ಕಾಣಿಸುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

'ಹುಷಾರಿಲ್ಲೇನೋ... ಏನಾದ್ರೂ ತಪ್ಪು ಮಾತಾಡಿದ್ನೇನು?'

ಅವಳು ಹಳೆಯ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆದು ಹುಡುಕಿದಳು. ಊಟ ಸೇರಲಿಲ್ಲ. ಬಸ್ಸಿನಲ್ಲಿ ಕುಳಿತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಇಳಿದುಬಿಡಬೇಕೆನಿಸುತ್ತಿತ್ತು.

ಬಸ್ ನಿಲ್ದಾಣದಲ್ಲಿ ಹಣಮಂತರಾಯ ಎದುರಾದ. ವಾರ್ಡಿನ ಹಳೆಯ ಸದಸ್ಯ. ಮೀಸಲಾತಿ ಬದಲಾದ್ದರಿಂದ ಈ ಸಲ ತಮ್ಮನ ಹೆಂಡತಿ ಸುಮಂಗಲಾಳನ್ನು ನಿಲ್ಲಿಸಿದ್ದ.

"ಏನವ್ವ, ನಿನಗ ಕಾನೂನು ಕಲಿಸಾಕತ್ತಿದ್ದ ಗುಮಾಸ್ತ ಎಲ್ಲಿ ಹೋದ?" ಎಂದು ನಕ್ಕ. "ಈಗ ನಮ್ಮ ಮಂದಿ ಕೂಡ ಚಹಾ ಕುಡ್ಯಾಕತ್ತಾನ. ನೀ ನಂಬಿ ಕುಂತೀದಿ."

ಮರಿಯಮ್ ನಂಬಲಿಲ್ಲ. ಆದರೆ ಆ ಮಾತು ಎದೆಯೊಳಗೆ ಮುಳ್ಳಿನ ಹಾಗೆ ಉಳಿಯಿತು.

ನಾಮಪತ್ರಕ್ಕೆ ಕೊನೆಯ ದಿನ. ಕಚೇರಿಯ ತುಂಬ ಜನ. ಕಾಗದಗಳನ್ನು ಮೊದಲು ನೋಡುವ ಮೇಜಿನಲ್ಲಿ ತನ್ವೀರ್ ಇದ್ದ. ಅವನನ್ನು ಕಂಡದ್ದೇ ಅವಳ ಕಾಲು ಹಗುರಾದವು. ಅವನು ಮುಖ ಎತ್ತಿ ನೋಡಲಿಲ್ಲ. ಹಾಳೆ ತಿರುವಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಅಭ್ಯರ್ಥಿಯವರೇ, ನಿಮ್ಮ ಪ್ರಮಾಣಪತ್ರದೊಳಗ ಎರಡು ಕಾಲಂ ಖಾಲಿ ಅವ. ಇಲ್ಲದಿದ್ರ 'ಇಲ್ಲ' ಅಂತ ಬರೀಬೇಕು. ಖಾಲಿ ಇದ್ರ ತಿರಸ್ಕಾರ ಆಗತದ. ಹೊಸದು ಮಾಡಿಸ್ಕೊಂಡು ಬರ್ರಿ. ಮೂರು ಗಂಟಿ ತನಕ ವ್ಯಾಳ್ಯಾ ಅದ."

ಮರಿಯಮ್ ಮೇಜಿನ ಮೇಲೆ ಬಗ್ಗಿ ಆ ಎರಡು ಖಾಲಿ ಕಾಲಂ ನೋಡಿದಳು.

"ಖಾಲಿ ಬಿಡಾಕ ಹೇಳಿದವರು ಯಾರು?" ಎಂದಳು ಮೆಲ್ಲಗೆ.

ಅವನು ಹಾಳೆಗಳನ್ನು ಮರಳಿ ಅವಳ ಕಡೆ ಸರಿಸಿದ. "ಮುಂದಿನವರು ಬರ್ರಿ," ಎಂದ.

ಹಿಂದೆ ಯಾರೋ ಕಿಸಕ್ಕೆಂದರು. ಹಣಮಂತರಾಯನ ಮಾತು ನಿಜವಾಗಿತ್ತು ಹಾಗಾದರೆ... ಕಣ್ಣೀರು ತಡೆದುಕೊಂಡು ಹೊರಗೆ ಬಂದಾಗ ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ಊರಿನ ನೋಟರಿ ಕಲಬುರಗಿಯ ಕೋರ್ಟಿಗೆ ಹೋಗಿದ್ದರು.

"ಅಳೋದು ಆಮ್ಯಾಲ," ಎಂದಳು ಕಾವೇರಿ. ನಂದೂರಿನ ಬೇಳೆ ಮಿಲ್ಲಿಗೆ ಹೋಗುವ ಅವಳು ಗೆಳತಿಗಾಗಿ ಅವತ್ತು ರಜೆ ಹಾಕಿ, ಅಣ್ಣನ ಸ್ಕೂಟಿ ತಂದಿದ್ದಳು. "ಹಿಂದ ಹತ್ತು. ಗಟ್ಟಿ ಹಿಡ್ಕೋ."

ಬಿಸಿಲು ರಣರಣ. ಲಾರಿಗಳ ನಡುವೆ ನುಸುಳುತ್ತ ಸ್ಕೂಟಿ ಓಡಿತು. ಕೋರ್ಟಿನ ಬೇವಿನ ಮರದ ಕೆಳಗೆ ಕೂರುವ ನೋಟರಿ ಊಟಕ್ಕೆ ಹೋಗಿದ್ದರು. ಇಪ್ಪತ್ತು ನಿಮಿಷ ಮರಿಯಮ್ ಆ ಮರದ ಸುತ್ತ ತಿರುಗಿದಳು. ಹೊಸ ಹಾಳೆಯಲ್ಲಿ ಗಂಡನ ಕಾಲಂ ಬಂದಾಗ, ಪೆನ್ನು ಒತ್ತಿ ಹಿಡಿದು 'ಇಲ್ಲ' ಎಂದು ಬರೆದಳು. ಆ ಒಂದು ಪದ ಬರೆಯುವಷ್ಟರಲ್ಲಿ ಕಣ್ಣು ಮಂಜಾದವು.

ಕಮಲಾಪುರದ ಕಚೇರಿ ಮೆಟ್ಟಿಲು ಹತ್ತಿದಾಗ ಎರಡು ಐವತ್ತೊಂದು. ತನ್ವೀರ್ ಎರಡು ಸಲ ಹಾಳೆ ತಿರುವಿದ. "ಸರಿ ಅದ," ಎಂದ. ಒಳಗೆ ಅಧಿಕಾರಿ ನಾಮಪತ್ರ ತೆಗೆದುಕೊಂಡು ಸಮಯ ಬರೆದರು.

ಹೊರಗೆ ಬರುವಾಗ ಅವಳು ಅವನ ಮೇಜಿನ ಮುಂದೆ ನಿಂತಳು. "ನಿಮ್ಮ ಉಪಕಾರ ಮರಿಯಂಗಿಲ್ಲ ರೀ," ಎಂದಳು. ಆ ದನಿಯಲ್ಲಿದ್ದ ಕಹಿಗೆ ಅವನ ಮುಖ ಬಿಳಿಚಿತು.

ನಂತರದ ದಿನಗಳು ಓಟದಲ್ಲೇ ಹೋದವು. ಅವಳಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಏಳೂವರೆ ಬಸ್ಸಿನ ಹೆಂಗಸರೆಲ್ಲ ಕೆಲಸ ಮುಗಿಸಿ ಬಂದು, ಕಾಲು ತೊಳೆದುಕೊಳ್ಳದೆ ಅವಳ ಜೊತೆ ಓಣಿ ಓಣಿ ತಿರುಗಿದರು. ಮೊದಲ ಮನೆಯ ಬಾಗಿಲಲ್ಲಿ ದನಿಯೇ ಹೊರಡದ ಮರಿಯಮ್, ಹತ್ತನೆಯ ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತು ಮಾತಾಡುವವಳಾದಳು. ಕರೀಂಸಾಬ್ ಬಂಡಿಯ ಮುಂದೆ ಬರುವ ಗಿರಾಕಿಗಳಿಗೆಲ್ಲ, "ನಮ್ಮ ಹುಡುಗಿ ನಿಂತಾಳ್ರಿ," ಎನ್ನತೊಡಗಿದರು.

ಅಷ್ಟೆಲ್ಲದರ ನಡುವೆಯೂ ಫೋನು ಸದ್ದು ಮಾಡಿದರೆ ಅವಳ ಎದೆ ಹಾರುತ್ತಿತ್ತು. ಹಾರಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅವಳು ಹದಿನೇಳು ಮತಗಳಿಂದ ಸೋತಳು.

ಎಣಿಕೆಯ ಸಂಜೆ ಗೆದ್ದ ಸುಮಂಗಲಾ ಹಾರ ತೆಗೆದಿಟ್ಟು ಮರಿಯಮ್‌ಳ ಮನೆಗೆ ಬಂದಳು. "ಅರ್ಧ ಓಣಿ ನಿನ್ನ ಕಡೆ ನಿಂತದ. ಭಾವಾರು ಏನರೆ ಅನ್ಲಿ, ಆ ಕೀಲಿ ತೆಗೆಸದಿದ್ರ ನನಗ ಈ ಓಣಿಯಾಗ ಮುಖ ಇಲ್ಲ," ಎಂದಳು. ಎಂಟು ದಿನದೊಳಗೆ ಕೀಲಿ ಒಡೆದರು. ಅವತ್ತು ಕಾವೇರಿ ಬಸ್ಸಿನಲ್ಲಿ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು. ಎಲ್ಲರೂ ನಕ್ಕರು. ಮರಿಯಮ್ ಕೂಡ ನಕ್ಕಳು. ಆದರೂ ಒಳಗೆ ಏನೋ ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ.

ಕಚೇರಿಯ ಹಿರಿಯ ಜವಾನ ಅಲ್ಲಾವುದ್ದೀನ್ ಟಪಾಲು ಹಿಡಿದು ಕಲಬುರಗಿಗೆ ಹೊರಟು ಅದೇ ಬಸ್ಸಿನಲ್ಲಿದ್ದರು. ಪಕ್ಕದ ಸೀಟಿಗೆ ಬಂದು ಕುಳಿತರು.

"ಬೇಟಿ, ತನ್ವೀರ್ ವರ್ಗ ಕೇಳ್ಕೊಂಡು ಹೋದ. ಗೊತ್ತದೇನು?"

"ಹೋಗ್ಲಿ ಬಿಡ್ರಿ ಚಾಚಾ. ಅವರ ಕೆಲಸ ಆಗಿತ್ತಲ್ಲ."

"ಯಾವ ಕೆಲಸ?" ಮುದುಕನ ಹುಬ್ಬು ಮೇಲೇರಿತು. "ದಿನಾಂಕ ಗೊತ್ತಾದ ದಿವಸನೇ ಅವ ಸಾಹೇಬ್ರಿಗೆ ಒಂದು ಪತ್ರ ಬರೆದ. ಒಯ್ದು ಕೊಟ್ಟವನೇ ನಾನು. ಸಾಹೇಬ್ರು ನನ್ನ ಮುಂದೇ ಜೋರಾಗಿ ಓದಿದ್ರು. 'ಈ ವಾರ್ಡಿನ ಅಭ್ಯರ್ಥಿಯಾಗಲಿರುವ ಮರಿಯಮ್ ನನಗೆ ಬೇಕಾದವರು. ಆದ್ದರಿಂದ ನನ್ನನ್ನು ಚುನಾವಣಾ ಕೆಲಸದಿಂದ ಬಿಡುಗಡೆ ಮಾಡಬೇಕು' ಅಂತ."

ಮರಿಯಮ್ ಸೀಟಿನಲ್ಲಿ ಪೂರ್ತಿ ಅವರ ಕಡೆ ತಿರುಗಿದಳು.

"ಸಾಹೇಬ್ರು ಏನಂದ್ರು?"

"ಮಂದಿ ಕಮ್ಮಿ ಅದಾರ, ಬಿಡಾಕ ಆಗಂಗಿಲ್ಲ ಅಂದ್ರು. ಬರೇ ಖಾಲಿ ಕಾಲಂ ನೋಡು, ಎಲ್ಲಾರಿಗೂ ಒಂದೇ ಮಾತು ಹೇಳು, ಎಣಿಕೆ ಮುಗಿಯೋ ತನಕ ಆ ಹುಡುಗಿ ಕೂಡ ಮಾತು ಬ್ಯಾಡ ಅಂದ್ರು. ಆಮ್ಯಾಲ ತರಬೇತಿಯೊಳಗ ಕಾಲಂ ಖಾಲಿ ಬಿಟ್ರ ತಿರಸ್ಕಾರ ಅಂತ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಆ ದಿವಸ ನೀ ವಾಪಸ್ ಬರೋ ತನಕ ಅವ ನೀರು ಸುದ್ದಾ ಮುಟ್ಟಲಿಲ್ಲ."

"ಈಗ ಎಲ್ಲಿ ಅದಾರ?"

"ಹೊಸ ಕಚೇರಿಗೆ ಸೋಮವಾರ ಹಾಜರಾಗ್ತಾನ. ಅಲ್ಲೀ ತನಕ ನೆಹರು ಗಂಜ್‌ನಾಗ, ಅವರಪ್ಪನ ಬ್ಯಾಳಿ ಅಂಗಡಿಯೊಳಗ."

ಅವತ್ತು ಮರಿಯಮ್ ಅಂಗಡಿಗೆ ಹೋಗಲಿಲ್ಲ. ಆಟೊ ಹಿಡಿದು ಗಂಜ್‌ಗೆ ಬಂದಳು. ತೊಗರಿ ಚೀಲಗಳ ಸಾಲು, ಹಮಾಲರ ಕೂಗು, ಗಾಳಿಯ ತುಂಬ ಬೇಳೆಯ ಧೂಳು. ಮೂರನೆಯ ಸಾಲಿನಲ್ಲಿ ಅವನು ಚೀಲಕ್ಕೆ ಹೊಲಿಗೆ ಹಾಕುತ್ತ ನಿಂತಿದ್ದ. ಅವಳನ್ನು ಕಂಡು ದಬ್ಬಣ ಕೈಯಲ್ಲೇ ಉಳಿಯಿತು.

"ಎಣಿಕೆ ಮುಗಿದು ಎಂಟು ದಿನ ಆತು," ಎಂದಳು ಮರಿಯಮ್. "ಒಂದು ಫೋನ್ ಮಾಡಾಕ ಆಗಲಿಲ್ಲೇನು?"

"ಯಾವ ಮುಖ ಇಟ್ಕೊಂಡು ಮಾಡ್ಲಿ?" ಅವನು ತಲೆ ತಗ್ಗಿಸಿದ. "ತಪ್ಪು ಹೇಳಿಕೊಟ್ಟವನು ನಾನು. ತಿದ್ದಾಕ ಫೋನ್ ಮಾಡಿದ್ರ ನಿಮ್ಮ ಮ್ಯಾಲೇ ದೂರು ಬರ್ತಿತ್ತು. ನಾಲ್ಕು ಮಂದಿ ಮುಂದ ನಿಮ್ಮನ್ನ ಹಂಗ ಓಡಿಸಿದೆ... ಹದಿನೇಳು ಮತ ಅಂತ ಕೇಳಿದ ಮ್ಯಾಲ, ನನ್ನಿಂದಲೇ ಸೋತ್ರೇನೋ ಅನಿಸ್ತು."

"ನೀವು ಹೇಳದಿದ್ರ ನಾ ನಿಲ್ತಾನೇ ಇರಲಿಲ್ಲ. ಮತ್ತ ನಿಲ್ತೀನಿ, ಅದು ಬ್ಯಾರೆ ಮಾತು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಸಾಹೇಬ್ರಿಗೆ ಬರವಣಿಗಿಯೊಳಗ ಕೊಟ್ಟೀರಂತ. ನನಗ ಬಾಯಿಲೆ ಹೇಳ್ರಿ."

ತನ್ವೀರ್ ಸುತ್ತ ನೋಡಿದ. ಹಮಾಲರಿಬ್ಬರು ಚೀಲ ಹೊತ್ತವರು ಹಾಗೇ ನಿಂತಿದ್ದರು. ಒಳಗೆ ಗಾದಿಯ ಮೇಲೆ ಕುಳಿತಿದ್ದ ತಂದೆ ಜಹೀರುದ್ದೀನ್ ಕನ್ನಡಕ ಏರಿಸಿಕೊಂಡರು.

"ನೀವು ನನಗ ಬೇಕು, ಮರಿಯಮ್."

ಎಷ್ಟೋ ದಿನಗಳಿಂದ ಓಡುತ್ತಲೇ ಇದ್ದ ಏನೋ ಒಂದು, ಅವಳೊಳಗೆ ಮೆಲ್ಲಗೆ ಕುಳಿತಿತು. ಕಣ್ಣು ತುಂಬಿ ಬಂದವು. ಅವನ ತಲೆಗೂದಲಿಗೆ ಮೆತ್ತಿದ್ದ ಬೇಳೆಯ ಧೂಳನ್ನು ಕೈಯಿಂದ ಒರೆಸಬೇಕೆನಿಸಿ, ತಡೆದುಕೊಂಡಳು.

"'ಬೇಕಾದವರು' ಅಂತ ಓದಿ," ಎಂದ ಅವನು ನಾಚಿ, "ಸಾಹೇಬ್ರು ನಿಮ್ಮನ್ನ ನಮ್ಮ ಮನಿಯವರೇ ಅಂತ ತಿಳ್ಕೊಂಡ್ರು. ತಪ್ಪು ತಿಳ್ಕೊಂಡ್ರು ಅಂತ ಹೇಳಾಕ ನನಗ ಮನಸೇ ಆಗಲಿಲ್ಲ."

"ತಪ್ಪೇನು ತಿಳ್ಕೊಂಡಿಲ್ಲ ಬಿಡ್ರಿ," ಎಂದಳು ಮರಿಯಮ್. "ಸ್ವಲ್ಪ ಲಗೂನ ತಿಳ್ಕೊಂಡಾರ, ಅಷ್ಟ."