ಪಕ್ಕದ ಕೋಣೆಯ ಜ್ವರ

"ದಮ್ಮಯ್ಯ, ಆ ಅಲಾರಂ ಗುಂಡಿ ಒತ್ತಬೇಡಿ!"

ಅವಳು ಬೇಡಿಕೊಂಡಳು. ಅವನು ಒತ್ತಿಯೇಬಿಟ್ಟ!

ಪ್ರಯೋಗಾಲಯದಲ್ಲಿ ಕೆಂಪು ದೀಪ ಮಿನುಗತೊಡಗಿತು. ಸೋಂಕು ತಗುಲಿಸಿದ ಇಲಿಯೊಂದು ಎರಡು ಪದರದ ಕೈಗವಸು ದಾಟಿ ಅವಳ ಬೆರಳು ಕಚ್ಚಿತ್ತು. ಓಡಿ ಬಂದ ಅವನು, ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಲೇ ಇದ್ದ.

"ಇನ್ನೈದು ದಿನಕ್ಕೆ ನನ್ನ ಇಲಿಗಳ ರಕ್ತ ತೆಗೀಬೇಕು. ಮೂರು ವರ್ಷದ ಕೆಲಸ ರೀ!"

"ಗೊತ್ತು," ಎಂದನಷ್ಟೇ.

ಅವನು ಅಲ್ಲಿನ ಸುರಕ್ಷತಾ ಅಧಿಕಾರಿ. ಹುಡುಗಿಯರು ಇಟ್ಟ ಹೆಸರು ರೂಲ್ಸ್ ರಾಯ. ಯಾರಾದರೂ ಸೀನಿದರೂ ಪುಸ್ತಕದಲ್ಲಿ ಬರೆಸುವ ಆಸಾಮಿ!

ಅರ್ಧ ಗಂಟೆಯಲ್ಲಿ ಇಂಜೆಕ್ಷನ್ ಚುಚ್ಚಿ, ಅವಳನ್ನು ಒಂಟಿ ಕೋಣೆಗೆ ಹಾಕಿ ಬಾಗಿಲು ಮುಚ್ಚಿದರು. ಹದಿನಾಲ್ಕು ದಿನ!

ತೆರೆಯಲಾಗದ ಕಿಟಕಿ. ಗೋಡೆಗೊಂದು ಫೋನು. ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ... ಬಾಗಿಲಿನಿಂದ ಮಂಚಕ್ಕೆ ಮತ್ತೆ ಏಳು. ಘಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಬಿಸಿಯಿದೆಯಾ? ಇಲ್ಲ, ಕೈಯೇ ತಣ್ಣಗಿದೆಯಾ?

ದಿನಕ್ಕೆರಡು ಸಲ ಅವನ ಫೋನ್.

"ಜ್ವರ ಎಷ್ಟು?"

"ಇನ್ನೂ ಬದುಕಿದೀನಿ. ಬರ್ಕೊಳ್ಳಿ!"

ಫೋನ್ ಕುಕ್ಕುತ್ತಿದ್ದಳು. 'ನನ್ನನ್ನು ಗೂಡಿಗೆ ತಳ್ಳಿ, ತಾನು ಹೊರಗೆ ಹಾಯಾಗಿದ್ದಾನೆ... ಕಲ್ಲು ಮನುಷ್ಯ!'

ಒಂಬತ್ತನೇ ದಿನ ಫೋನ್ ಬರಲಿಲ್ಲ. ಬೈಯಲು ಜನವಿಲ್ಲದೆ ಅವಳಿಗೆ ಯಾಕೋ ಕಸಿವಿಸಿ.

"ನರ್ಸಕ್ಕಾ, ರೂಲ್ಸ್ ರಾಯರು ರಜೆ ಹಾಕಿದ್ರಾ?"

"ಎಲ್ಲಿಯ ರಜೆ ತಾಯಿ! ನಿನ್ನ ಪಕ್ಕದ ಕೋಣೇಲೇ ಇದ್ದಾರಲ್ಲ, ಮೊದಲ ದಿನದಿಂದ. ಗಾಬರೀಲಿ ಬರಿಗೈಯಲ್ಲೇ ನಿನ್ನ ಗಾಯ ತೊಳೆದ್ರಂತೆ. ಅಂಗೈಯಲ್ಲಿ ಗೀರು ಬೇರೆ ಇತ್ತು. ತಾವೇ ಬರ್ಕೊಟ್ಟು ಒಳಗೆ ಬಂದ್ರು. ಇವತ್ತು ನೂರೊಂದು ಜ್ವರ."

ಅವಳು ಓಡಿಹೋಗಿ ಫೋನ್ ಎತ್ತಿಕೊಂಡಳು.

"ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರೆ ಬೈಯೋದು ನಿಲ್ಲಿಸ್ತಿದ್ರಿ." ಅವನ ದನಿ ಸೋತಿತ್ತು. "ಅದನ್ನ ಕೇಳ್ಕೊಂಡೇ ದಿನ ತಳ್ತಿದ್ದೆ... ಹಾಂ, ಫೋನಲ್ಲೇ ಹೇಳಿ ನಿಮ್ಮ ಇಲಿಗಳ ರಕ್ತ ಐದನೇ ದಿನವೇ ತೆಗೆಸಿದೀನಿ. ಕೆಲಸ ಹಾಳಾಗಿಲ್ಲ."

ಅವಳಿಗೆ ಅಳು ಉಕ್ಕಿ ಬಂತು. "ನಾನು ಕಚ್ಚಿದ್ದನ್ನ ಮುಚ್ಚಿಡೋಣ ಅಂದಿದ್ದೆ..."

"ಮುಚ್ಚಿಟ್ಟಿದ್ರೆ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಸಿಗ್ತಿರಲಿಲ್ಲ. ನೀವು ನನ್ನ ಮೇಲೆ ಮುನಿಸ್ಕೊಂಡ್ರೆ ತಡ್ಕೋತೀನಿ. ನೀವೇ ಇಲ್ಲ ಅಂದ್ರೆ..."

"ಪೂರ್ತಿ ಹೇಳಿ."

"ನಾಳೆ ನಮ್ಮ ರಕ್ತದ ವರದಿ ಬರಲಿ."

"ಅದು ಏನಾದ್ರೂ ಬರಲಿ, ಈಗ ಹೇಳಿ!"

"...ನನ್ನ ಕೈಲಾಗಲ್ಲ. ನೀವಿಲ್ಲದೆ ನನ್ನ ಕೈಲಾಗಲ್ಲ."

ಅವಳು ಅವನ ಕಡೆಯ ಗೋಡೆಗೆ ಕೆನ್ನೆಯಿಟ್ಟಳು. "ನಂಗೂ..." ಎಂದಳು.

ಮರುದಿನ ಮಧ್ಯಾಹ್ನದವರೆಗೆ ಒಂದು ತುತ್ತೂ ಇಳಿಯಲಿಲ್ಲ. ಆಮೇಲೆ ನರ್ಸಕ್ಕ ಬಾಗಿಲಲ್ಲೇ ಕೂಗಿದಳು. "ಇಬ್ಬರ ರಕ್ತದಲ್ಲೂ ಸೋಂಕಿಲ್ಲ! ಅವರದು ಬರೀ ನೆಗಡಿ ಜ್ವರ ಕಣೇ!"

ಬಾಗಿಲು ತೆರೆಯಲು ಇನ್ನೂ ನಾಲ್ಕು ದಿನವಿತ್ತು. ಅವಳು ಕಣ್ಣೊರೆಸಿಕೊಂಡು ಫೋನ್ ಎತ್ತಿದಳು.

"ಅಮ್ಮನಿಗೆ ಏನಂತ ಹೇಳಲಿ?"

"ಮಗಳು ಹುಷಾರಾಗಿದ್ದಾಳೆ ಅನ್ನಿ."

"ಅಷ್ಟೇನಾ?"

ಆಚೆ ಒಂದು ಕೆಮ್ಮು. ಆಮೇಲೆ ಮೆಲ್ಲನೆ ನಗು...

"ಅಳಿಯನಿಗೆ ಸ್ವಲ್ಪ ನೆಗಡಿ ಅಂತಾನೂ ಸೇರಿಸಿ!"